ದುಬೈನಲ್ಲಿ ಫ್ಲ್ಯಾಟ್ ಕೊಳ್ಳುವುದು: ದುಡ್ಡಿನ ದಾರಿ ಮೊದಲು, ಮನೆ ಆಮೇಲೆ

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಆಗಾಗ ದುಬೈ ಬಿಲ್ಡರ್‌ಗಳ ಮೇಳ ನಡೆಯುತ್ತದೆ. ಮೇಜಿನ ಮೇಲೆ ಕಟ್ಟಡದ ಮಾದರಿ, ಪಕ್ಕದಲ್ಲಿ ಕಾರ್ಡ್ ಉಜ್ಜುವ ಯಂತ್ರ, ‘ತಿಂಗಳಿಗೆ ಶೇ 1ರ ಕಂತು’ ಎನ್ನುವ ಫಲಕ. ಅಲ್ಲಿ ಕೇಳಿಸುವ ಮಾತೆಲ್ಲ ಫ್ಲ್ಯಾಟಿನದ್ದೇ. ಆದರೆ ಭಾರತದಲ್ಲಿ ವಾಸವಿದ್ದು ರೂಪಾಯಿ ಸಂಪಾದಿಸುವವರು ಪೆಟ್ಟು ತಿನ್ನುವುದು ಫ್ಲ್ಯಾಟಿನ ಆಯ್ಕೆಯಲ್ಲಿ ಅಲ್ಲ, ದುಡ್ಡು ಕಳಿಸಿದ ರೀತಿಯಲ್ಲಿ. ಆದ್ದರಿಂದ ಈ ಬರಹ ಅಲ್ಲಿಂದಲೇ ಶುರುವಾಗುತ್ತದೆ. ದುಬೈನಲ್ಲೇ ದುಡಿದು ಅಲ್ಲಿನ ಸಂಬಳದಿಂದ ಕೊಳ್ಳುವ ಅನಿವಾಸಿಗಳಿಗೆ ಮೊದಲ ಭಾಗ ಅನ್ವಯಿಸದು. ಅವರು ನೇರ ಖರ್ಚಿನ ಲೆಕ್ಕಕ್ಕೆ ಹೋಗಬಹುದು.

ರೂಪಾಯಿ ಗಡಿ ದಾಟುವ ಬಗೆ

ಭಾರತದ ನಿವಾಸಿ ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳಲು ಬಳಸುವ ಮುಖ್ಯ ದಾರಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ, ಅಂದರೆ ಎಲ್‌ಆರ್‌ಎಸ್. ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಕಳಿಸಬಹುದು. ದುಬೈನ ನಾಣ್ಯವಾದ ದಿರ್ಹಮ್ ದರ ಡಾಲರಿಗೆ 3.6725 ಎಂದು ನಿಗದಿಯಾಗಿರುವುದರಿಂದ ಇದು 9,18,125 ದಿರ್ಹಮ್ ಆಗುತ್ತದೆ. ಈ ಮಿತಿ ಮನೆಗೆ ಮಾತ್ರ ಮೀಸಲಲ್ಲ. ಅಮೆರಿಕದಲ್ಲಿ ಓದುವ ಮಗಳ ಫೀಸನ್ನು ನಿಮ್ಮ ಹೆಸರಲ್ಲಿ ಕಳಿಸಿದ್ದರೆ ಅದೂ, ಯುರೋಪ್ ಪ್ರವಾಸದ ಖರ್ಚೂ, ವಿದೇಶಿ ಷೇರಿಗೆ ಹಾಕಿದ ಹಣವೂ ಇದೇ ಲೆಕ್ಕದಲ್ಲಿ ಕಳೆಯುತ್ತವೆ.

ಗಂಡ ಹೆಂಡತಿ ಇಬ್ಬರೂ ತಂತಮ್ಮ ಖಾತೆಯಿಂದ, ತಂತಮ್ಮ ಪಾನ್ ಮೇಲೆ ಕಳಿಸಿ ಒಂದೇ ಮನೆ ಕೊಳ್ಳಬಹುದು. 2022ರ ಸಾಗರೋತ್ತರ ಹೂಡಿಕೆ ನಿಯಮಗಳು ಸಂಬಂಧಿಕರ ಮಿತಿಯನ್ನು ಸೇರಿಸಿಕೊಳ್ಳಲು ಅವಕಾಶ ಕೊಟ್ಟಿವೆ. ಆದರೆ ಹಣ ಕಳಿಸಿದ ಪ್ರತಿಯೊಬ್ಬರ ಹೆಸರೂ ಹಕ್ಕುಪತ್ರದಲ್ಲಿ ಬರುವಂತೆ ನೋಡಿಕೊಳ್ಳಿ. ತಮ್ಮನ ಮಿತಿ ಬಳಸಿ ಮನೆಯನ್ನು ಅಣ್ಣನೊಬ್ಬನ ಹೆಸರಿಗೆ ಮಾಡಿಸಿದರೆ ಮುಂದೆ ಉತ್ತರ ಹೇಳುವುದು ಕಷ್ಟ. ಮಾರ್ಚ್ ಕೊನೆಗೆ ಒಂದು ರವಾನೆ, ಏಪ್ರಿಲ್ ಮೊದಲಿಗೆ ಇನ್ನೊಂದು ರವಾನೆ ಮಾಡಿ ಎರಡು ವರ್ಷದ ಮಿತಿ ಬಳಸಿಕೊಳ್ಳುವುದು ಸಕ್ರಮವೇ. ನೋಂದಣಿ ದಿನವನ್ನು ಅದಕ್ಕೆ ಹೊಂದಿಸಿಕೊಂಡರೆ ಸಾಕು.

ಬ್ಯಾಂಕಿನಲ್ಲಿ ತುಂಬುವುದು ಫಾರ್ಮ್ ಎ2. ಅದರಲ್ಲೊಂದು ಉದ್ದೇಶ ಸಂಕೇತ ಇರುತ್ತದೆ. ವಿದೇಶಿ ಸ್ಥಿರಾಸ್ತಿಗೆ ಎಸ್0005. ಕೌಂಟರಿನಲ್ಲಿ ಅವಸರಕ್ಕೆ ‘ಕುಟುಂಬ ನಿರ್ವಹಣೆ’ ಎಂದು ಎಸ್1301 ಹಾಕಿಬಿಡುವುದು ಸಾಮಾನ್ಯ. ಸಹಿ ಹಾಕುವವರು ನೀವು, ಆದ್ದರಿಂದ ತಪ್ಪು ಘೋಷಣೆಯೂ ನಿಮ್ಮದೇ ಆಗುತ್ತದೆ. ಆ ಒಂದು ಸಾಲನ್ನು ಓದದೆ ಸಹಿ ಹಾಕಬೇಡಿ. ಇಂಥ ಬಂಡವಾಳ ರವಾನೆಗೆ ಆ ಬ್ಯಾಂಕಿನಲ್ಲಿ ನಿಮ್ಮ ಖಾತೆ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ಹೊಸ ಖಾತೆಯಾದರೆ ಹಿಂದಿನ ಬ್ಯಾಂಕಿನ ಸ್ಟೇಟ್‌ಮೆಂಟ್, ಆದಾಯ ತೆರಿಗೆ ದಾಖಲೆ ಕೇಳುತ್ತಾರೆ.

ಇನ್ನು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಒಂದು ವರ್ಷದಲ್ಲಿ ಒಬ್ಬರು ಕಳಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20 ಮುರಿದುಕೊಳ್ಳುತ್ತದೆ. 1 ಕೋಟಿ ಕಳಿಸಿದರೆ 90 ಲಕ್ಷದ ಮೇಲೆ 18 ಲಕ್ಷ. ಅಂದರೆ ಖಾತೆಯಲ್ಲಿ 1 ಕೋಟಿ 18 ಲಕ್ಷ ಇರಬೇಕು, ಜೊತೆಗೆ ಬ್ಯಾಂಕ್ ಶುಲ್ಕ ಮತ್ತು ಡಾಲರ್ ಪರಿವರ್ತನೆಯ ಮೇಲಿನ ಜಿಎಸ್‌ಟಿ. ಈ 18 ಲಕ್ಷ ಕಳೆದುಹೋದ ಹಣವಲ್ಲ. ನಿಮ್ಮ ಆದಾಯ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಮಿಕ್ಕಿದ್ದು ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಕೈಗೆ ಸಿಗದು. ಏಪ್ರಿಲ್‌ನಲ್ಲಿ ಕಳಿಸಿದವರ ಹಣ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಳ್ಳುತ್ತದೆ, ಮಾರ್ಚ್‌ನಲ್ಲಿ ಕಳಿಸಿದವರದು ಕೆಲವೇ ತಿಂಗಳು. ಸಂಬಳದಾರರು ಉದ್ಯೋಗದಾತರಿಗೆ ತಿಳಿಸಿ ಸಂಬಳದ ಟಿಡಿಎಸ್‌ನಲ್ಲೇ ಇದನ್ನು ಸರಿದೂಗಿಸಿಕೊಳ್ಳಬಹುದು.

ಮಾಡಲೇಬಾರದ ಕೆಲಸಗಳು ಕೆಲವಿವೆ. ಮೇಳದ ಮೇಜಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಬುಕ್ ಮಾಡಬೇಡಿ. ‘ಇಲ್ಲಿ ರೂಪಾಯಿ ಕೊಡಿ, ಅಲ್ಲಿ ದಿರ್ಹಮ್ ಸಿಗುತ್ತದೆ’ ಎನ್ನುವ ಹವಾಲಾ, ಕ್ರಿಪ್ಟೊ ಮಾತಿಗೆ ಕಿವಿಗೊಡಬೇಡಿ. ವಿದೇಶಿ ಬಂಡವಾಳ ಹೂಡಿಕೆಯ ರವಾನೆಗೆ ಭಾರತದ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಹಾಗಾಗಿ ಪರ್ಸನಲ್ ಲೋನ್ ಎತ್ತಿ ಕಳಿಸುವ ಯೋಚನೆಯೂ ಬೇಡ. ದುಬೈ ಬ್ಯಾಂಕುಗಳು ಅನಿವಾಸಿಗೂ ಗೃಹಸಾಲ ಕೊಡುವುದು ನಿಜ. ಆದರೆ ಭಾರತದ ನಿವಾಸಿ ಹೊರದೇಶದಲ್ಲಿ ಸಾಲ ಮಾಡುವುದಕ್ಕೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಲ್ಲಿ, ಅಂದರೆ ಫೆಮಾದಲ್ಲಿ ಬೇರೆಯೇ ನಿಯಮಗಳಿವೆ. ಫೆಮಾ ಬಲ್ಲ ಆಡಿಟರ್ ಬರೆದು ಕೊಡುವವರೆಗೆ ಆ ಸಾಲದ ಅರ್ಜಿಗೆ ಸಹಿ ಮಾಡಬೇಡಿ. ಕೀಲಿ ಕೈಗೆ ಬಂದ ಮೇಲೂ ಮೂರು ನಾಲ್ಕು ವರ್ಷ ಕಂತು ಕಟ್ಟುವ ಯೋಜನೆಗಳೂ ಸಾಲದ ರೂಪ ತಾಳುತ್ತವೆ. ಅವಕ್ಕೂ ಇದೇ ಎಚ್ಚರ ಬೇಕು.

ದುಬೈ ಖಾತೆಗೆ ವರ್ಷವರ್ಷ ಹಣ ಕಳಿಸಿ ಕೂಡಿಟ್ಟು, ಆಮೇಲೆ ನಿಧಾನವಾಗಿ ಮನೆ ಹುಡುಕೋಣ ಎನ್ನುವವರಿದ್ದಾರೆ. ಎಲ್‌ಆರ್‌ಎಸ್‌ನಲ್ಲಿ ಹೋದ ಹಣ ಹೂಡಿಕೆಯಾಗದೆ ಸುಮ್ಮನೆ ಬಿದ್ದಿದ್ದರೆ 180 ದಿನಗಳೊಳಗೆ ಭಾರತಕ್ಕೆ ಮರಳಬೇಕು. ಆದ್ದರಿಂದ ಮನೆ ಗೊತ್ತಾದ ಮೇಲೆ ಹಣ ಕಳಿಸಿ.

ಒಬ್ಬರ ಮಿತಿಯಲ್ಲಿ ಎಷ್ಟರ ಮನೆ?

10 ಲಕ್ಷ ದಿರ್ಹಮ್ ಬೆಲೆಯ, ಈಗಾಗಲೇ ಕಟ್ಟಿರುವ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ವರ್ಗಾವಣೆ ಶುಲ್ಕ ಶೇ 4, ಅಂದರೆ 40,000. ನಿಯಮದಲ್ಲಿ ಇದು ಕೊಳ್ಳುವವರಿಗೂ ಮಾರುವವರಿಗೂ ಅರ್ಧರ್ಧ, ರೂಢಿಯಲ್ಲಿ ಪೂರ್ತಿ ಕೊಳ್ಳುವವರ ತಲೆಗೇ. ಏಜೆಂಟ್ ಕಮಿಷನ್ ಶೇ 2, ಅದರ ಮೇಲೆ ಶೇ 5 ವ್ಯಾಟ್, ಒಟ್ಟು 21,000. ಇಲಾಖೆಯ ಪರವಾಗಿ ನೋಂದಣಿ ಮಾಡಿಕೊಡುವ ಟ್ರಸ್ಟಿ ಕಚೇರಿಗೆ 4,000 ಮತ್ತು ವ್ಯಾಟ್, ಸೇರಿ 4,200 (ಬೆಲೆ 5 ಲಕ್ಷ ದಿರ್ಹಮ್‌ಗಿಂತ ಕಡಿಮೆಯಿದ್ದರೆ ಇದು 2,000 ಮತ್ತು ವ್ಯಾಟ್). ಹಕ್ಕುಪತ್ರದ ಶುಲ್ಕ 580. ಎಲ್ಲ ಕೂಡಿದರೆ 65,780. ಕೈಯಿಂದ ಹೋಗುವುದು 10,65,780 ದಿರ್ಹಮ್, ಸುಮಾರು 2,90,200 ಡಾಲರ್.

ಅಂದರೆ 10 ಲಕ್ಷದ ಮನೆಗೇ ಒಬ್ಬರ ಒಂದು ವರ್ಷದ ಮಿತಿ ಸಾಲದು. ಹಿಂದೆಮುಂದೆ ಲೆಕ್ಕ ಹಾಕಿದರೆ ಒಬ್ಬರು ಒಂದು ವರ್ಷದಲ್ಲಿ ಪೂರ್ತಿ ಹಣ ಕೊಟ್ಟು ಕೊಳ್ಳಬಹುದಾದ ಮನೆಯ ಬೆಲೆ ಸುಮಾರು 8.6 ಲಕ್ಷ ದಿರ್ಹಮ್. ಮೇಳಕ್ಕೆ ಹೋಗುವಾಗ ಈ ಅಂಕಿ ನೆನಪಿನಲ್ಲಿರಲಿ. ಹತ್ತು ವರ್ಷದ ಗೋಲ್ಡನ್ ವೀಸಾದ ಆಸೆ ತೋರಿಸುತ್ತಾರೆ. ಅದಕ್ಕೆ ಬೇಕಾದ ಆಸ್ತಿ ಮೌಲ್ಯ 20 ಲಕ್ಷ ದಿರ್ಹಮ್. ಗಂಡ ಹೆಂಡತಿಯ ಒಂದು ವರ್ಷದ ಮಿತಿ ಕೂಡಿಸಿದರೂ 18,36,250 ಮಾತ್ರ ಆಗುತ್ತದೆ. ಮೇಲಾಗಿ ವೀಸಾ ಸಿಕ್ಕಿತೆಂದ ಮಾತ್ರಕ್ಕೆ ಬೆಂಗಳೂರಿನಲ್ಲೇ ವಾಸವಿರುವವರು ಫೆಮಾ ಲೆಕ್ಕದಲ್ಲಿ ಅನಿವಾಸಿ ಆಗುವುದಿಲ್ಲ.

ಕಟ್ಟುತ್ತಿರುವ ಮನೆಯಾದರೆ

ವಿದೇಶಿಯರು ಪೂರ್ಣ ಒಡೆತನ ಪಡೆಯಲು ದುಬೈನಲ್ಲಿ ನಿಗದಿತ ಪ್ರದೇಶಗಳಿವೆ. 2006ರ 7ನೇ ಕಾನೂನು ಇದಕ್ಕೆ ಆಧಾರ. ದುಬೈ ಮರೀನಾ, ಡೌನ್‌ಟೌನ್, ಬಿಸಿನೆಸ್ ಬೇ, ಜುಮೇರಾ ವಿಲೇಜ್ ಸರ್ಕಲ್, ಇಂಟರ್‌ನ್ಯಾಷನಲ್ ಸಿಟಿ ಇಂಥವು. ಎಲ್ಲೇ ಆದರೂ ‘ಫ್ರೀಹೋಲ್ಡ್’ (ಪೂರ್ಣ ಒಡೆತನ) ಎನ್ನುವ ಪದ ಹಕ್ಕುಪತ್ರದಲ್ಲೇ ಇರಬೇಕು. ಏಜೆಂಟ್ ಬಾಯಲ್ಲಿ ಇದ್ದರೆ ಸಾಲದು.

ಅಲ್ಲಿಯೂ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆಯ ಹೆಸರು ರೇರಾ, ನಮ್ಮ ಕರ್ನಾಟಕದ ರೇರಾಕ್ಕೂ ಅದಕ್ಕೂ ಸಂಬಂಧವಿಲ್ಲ. ‘ದುಬೈ ರೆಸ್ಟ್’ ಎನ್ನುವ ಸರ್ಕಾರಿ ಆ್ಯಪ್‌ನಲ್ಲಿ ಯೋಜನೆಯ ಹೆಸರು ಹಾಕಿದರೆ ನೋಂದಣಿ ಆಗಿದೆಯೇ, ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂಬುದು ಕಾಣುತ್ತದೆ. 2007ರ 8ನೇ ಕಾನೂನಿನ ಪ್ರಕಾರ ಕೊಳ್ಳುವವರ ಹಣ ಆ ಯೋಜನೆಯ ಎಸ್ಕ್ರೋ ಖಾತೆಗೇ (ಅದಕ್ಕೆಂದೇ ಮೀಸಲಾದ, ನಿಗಾ ಇರುವ ಖಾತೆ) ಹೋಗಬೇಕು. ಬಿಲ್ಡರ್‌ನ ಸಾಮಾನ್ಯ ಖಾತೆಗೆ, ಏಜೆಂಟಿನ ಖಾತೆಗೆ, ‘ತುರ್ತಿಗೆ’ ಎಂದು ಬೇರೊಂದು ಕಂಪನಿಯ ಖಾತೆಗೆ ಒಂದು ದಿರ್ಹಮ್ ಕೂಡ ಬೇಡ. ಎಸ್ಕ್ರೋ ಖಾತೆಯ ಹೆಸರಿನಲ್ಲಿ ಯೋಜನೆಯ ಹೆಸರೇ ಇದೆಯೇ ನೋಡಿ. ಹಣ ಕಟ್ಟಿದ ಮೇಲೆ ನಿಮ್ಮ ಹೆಸರು ತಾತ್ಕಾಲಿಕ ನೋಂದಣಿಯಲ್ಲಿ ಸೇರಿ ‘ಔಕೂದ್’ ಪತ್ರ ಬರಬೇಕು. ಅದು ಬರುವವರೆಗೆ ನಿಮ್ಮ ಹತ್ತಿರ ಇರುವುದು ಬುಕಿಂಗ್ ಕಾಗದ ಮಾತ್ರ. ಶೇ 4ರ ಶುಲ್ಕವನ್ನು ಇಲ್ಲಿ ಆರಂಭದಲ್ಲೇ ಕಟ್ಟಬೇಕಾಗುತ್ತದೆ. ಮೊದಲ ಕಂತಿನ ಜೊತೆಗೆ ಅದನ್ನೂ ಲೆಕ್ಕಕ್ಕಿಡಿ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೇಳದಲ್ಲಿ ಯಾರೂ ಹೇಳುವುದಿಲ್ಲ. 2020ರ 19ನೇ ಕಾನೂನು ಇದನ್ನು ಸ್ಪಷ್ಟವಾಗಿ ಬರೆದಿದೆ. ಬಿಲ್ಡರ್ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ತಿಳಿಸುತ್ತಾನೆ, ಇಲಾಖೆ ನಿಮಗೆ 30 ದಿನಗಳ ನೋಟಿಸ್ ಕೊಡುತ್ತದೆ. ಆಮೇಲೂ ಕಟ್ಟದಿದ್ದರೆ, ಕಟ್ಟಡ ಶೇ 60 ದಾಟಿದ್ದಲ್ಲಿ ಫ್ಲ್ಯಾಟಿನ ಬೆಲೆಯ ಶೇ 40ರವರೆಗೆ, ಕೆಲಸ ಶುರುವಾಗಿ ಶೇ 60 ಮುಟ್ಟದಿದ್ದಲ್ಲಿ ಶೇ 25ರವರೆಗೆ ಬಿಲ್ಡರ್ ಇಟ್ಟುಕೊಂಡು ಒಪ್ಪಂದ ರದ್ದು ಮಾಡಬಹುದು. ಗಮನಿಸಿ, ಇದು ನೀವು ಕಟ್ಟಿದ ಹಣದ ಶೇಕಡಾ ಅಲ್ಲ, ಬೆಲೆಯ ಶೇಕಡಾ. 12 ಲಕ್ಷ ದಿರ್ಹಮ್ ಫ್ಲ್ಯಾಟಿಗೆ ನೀವು ಶೇ 20, ಅಂದರೆ 2.4 ಲಕ್ಷ ಕಟ್ಟಿದ್ದೀರಿ, ಕಟ್ಟಡ ಅರ್ಧಕ್ಕೆ ಬಂದಿದೆ ಎನ್ನಿ. ಬಿಲ್ಡರ್ ಇಟ್ಟುಕೊಳ್ಳಬಹುದಾದ ಮೊತ್ತ 3 ಲಕ್ಷ. ನಿಮಗೆ ಒಂದು ಕಾಸೂ ವಾಪಸ್ ಬಾರದು.

ಕಂತು ತಪ್ಪುವುದು ದುಡ್ಡಿಲ್ಲದೆ ಮಾತ್ರ ಅಲ್ಲ. ಆ ವರ್ಷದ ಎಲ್‌ಆರ್‌ಎಸ್ ಮಿತಿ ಮಗನ ಫೀಸಿಗೆ ಹೋಗಿರುತ್ತದೆ, ಅಥವಾ ಟಿಸಿಎಸ್‌ಗೆ ಬೇಕಾದ ಹೆಚ್ಚುವರಿ ಶೇ 20 ಹೊಂದಿಸಿರುವುದಿಲ್ಲ. ಹಾಗಾಗಿ ಸಹಿಗೆ ಮುನ್ನ ಕಂತಿನ ಪಟ್ಟಿಯನ್ನು ಹಣಕಾಸು ವರ್ಷವಾರು ಬರೆದು, ಪ್ರತಿ ವರ್ಷದ ಎದುರಿಗೆ ಡಾಲರ್ ಮೊತ್ತ, ರೂಪಾಯಿ ಮೊತ್ತ, ಟಿಸಿಎಸ್, ಯಾರ ಪಾನ್ ಎಂದು ನಾಲ್ಕು ಕಲಂ ಹಾಕಿ. ಡಾಲರಿನೆದುರು ರೂಪಾಯಿ ಇಳಿದಂತೆ ಕೊನೆಯ ಕಂತು ಮೊದಲ ಕಂತಿಗಿಂತ ಭಾರವಾಗುತ್ತದೆ. ರೂಪಾಯಿ ಕಲಮಿನಲ್ಲಿ ಅದಕ್ಕೂ ಸ್ವಲ್ಪ ಜಾಗ ಬಿಡಿ. ಮಧ್ಯದಲ್ಲಿ ಮಾರಿ ಹೊರಬರುತ್ತೇನೆ ಎನ್ನುವವರು ಒಪ್ಪಂದದಲ್ಲಿ ನಿರಾಕ್ಷೇಪಣಾ ಪತ್ರದ ಷರತ್ತು ಓದಲಿ. ಬೆಲೆಯ ಶೇ 30 ಅಥವಾ 40 ಕಟ್ಟಿದ ಮೇಲಷ್ಟೇ ಮಾರಲು ಬಿಡುವ ಬಿಲ್ಡರ್‌ಗಳು ಬಹಳ.

ಸಿದ್ಧ ಮನೆ ಕೊಳ್ಳುವ ಕ್ರಮ

ಮೊದಲ ಬಾರಿ ಕೊಳ್ಳುವ ಹೂಡಿಕೆದಾರರಿಗೆ ಸಿದ್ಧ ಮನೆಯೇ ಮೇಲು. ಬಾಡಿಗೆ ಎಷ್ಟೆಂದು ಊಹಿಸಬೇಕಿಲ್ಲ, ಕಟ್ಟಡದ ನಿರ್ವಹಣೆ ಕಣ್ಣಿಗೆ ಕಾಣುತ್ತದೆ, ದುಡ್ಡು ಒಂದೆರಡು ರವಾನೆಯಲ್ಲಿ ಮುಗಿಯುತ್ತದೆ.

ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಇರಬೇಕು. ಏಜೆಂಟಿನ ಬ್ರೋಕರ್ ಕಾರ್ಡ್ ಸಂಖ್ಯೆಯನ್ನು ದುಬೈ ರೆಸ್ಟ್ ಆ್ಯಪ್‌ನಲ್ಲಿ ನೋಡಿ. ಮಾರಾಟ ಒಪ್ಪಂದಕ್ಕೆ ಅಲ್ಲಿ ‘ಫಾರ್ಮ್ ಎಫ್’ ಎನ್ನುತ್ತಾರೆ. ಬೆಲೆ, ಕಮಿಷನ್, ವರ್ಗಾವಣೆಯ ಕೊನೆ ದಿನ, ಯಾರು ಯಾವ ಶುಲ್ಕ ಕಟ್ಟಬೇಕು, ಒಪ್ಪಂದ ಮುರಿದರೆ ಏನು, ಎಲ್ಲ ಇದರಲ್ಲೇ ಬರಬೇಕು. ರೂಢಿಯಂತೆ ಶೇ 10 ಮುಂಗಡದ ಚೆಕ್ ಕೊಡಬೇಕು. ಅದು ಮಾರುವವರ ಹೆಸರಿನಲ್ಲಿದ್ದು ಏಜೆಂಟ್ ಕಚೇರಿಯಲ್ಲಿ ಇರುತ್ತದೆ, ನಗದಾಗುವುದಿಲ್ಲ. ಭಾರತದಲ್ಲಿರುವವರು ಎಡವುವುದು ಇಲ್ಲೇ. ದುಬೈ ಬ್ಯಾಂಕಿನ ಚೆಕ್ ಬೇಕು, ಅನಿವಾಸಿ ಖಾತೆ ತೆರೆಯಲು ವಾರಗಟ್ಟಲೆ ಹಿಡಿಯುತ್ತದೆ. ಖಾತೆಯ ಕೆಲಸ ಮೊದಲು ಮುಗಿಸಿ, ಇಲ್ಲವೇ ಪರವಾನಗಿ ಇರುವ ಕಾನೂನು ಸಂಸ್ಥೆಯ ಮೂಲಕ ಹಣ ಹಾಯಿಸುವ ಏರ್ಪಾಡನ್ನು ಒಪ್ಪಂದದಲ್ಲೇ ಬರೆಸಿ.

ಆಮೇಲೆ ಮಾರುವವರು ಬಿಲ್ಡರ್‌ನಿಂದ ನಿರಾಕ್ಷೇಪಣಾ ಪತ್ರ ತರುತ್ತಾರೆ. ನಿರ್ವಹಣಾ ಶುಲ್ಕದ ಬಾಕಿ ತೀರಿದರೆ ಮಾತ್ರ ಅದು ಸಿಗುವುದು. ಇದು ನಿಮಗೆ ಒಳ್ಳೆಯ ರಕ್ಷಣೆ. ಮನೆ ಮೇಲೆ ಮಾರುವವರ ಗೃಹಸಾಲ ಇದ್ದರೆ ನಿಮ್ಮ ಹಣದಿಂದಲೇ ಮೊದಲು ಅವರ ಬ್ಯಾಂಕ್ ಸಾಲ ತೀರಬೇಕು. ಆಗ ಟ್ರಸ್ಟಿ ಕಚೇರಿಯಲ್ಲಿ ಆ ಆಸ್ತಿಯನ್ನು ನಿಮ್ಮ ಪರವಾಗಿ ‘ಬ್ಲಾಕ್’ ಮಾಡಿಸಿಯೇ ಚೆಕ್ ಕೊಡಿ. ಇದಕ್ಕೆ ಎರಡು ಮೂರು ವಾರ ಹೆಚ್ಚು ಹಿಡಿಯುತ್ತದೆ. ಮೊದಲ ಖರೀದಿಗೆ ಸಾಲವಿಲ್ಲದ ಮನೆ ಸಿಕ್ಕರೆ ನೆಮ್ಮದಿ.

ನೋಂದಣಿ ದಿನ ಎರಡೂ ಕಡೆಯವರು ಪಾಸ್‌ಪೋರ್ಟ್, ಫಾರ್ಮ್ ಎಫ್, ನಿರಾಕ್ಷೇಪಣಾ ಪತ್ರದೊಂದಿಗೆ ಟ್ರಸ್ಟಿ ಕಚೇರಿಗೆ ಹೋಗುತ್ತಾರೆ. ಬ್ಯಾಂಕೇ ಬರೆದುಕೊಡುವ ಒಂದು ಮ್ಯಾನೇಜರ್ಸ್ ಚೆಕ್ ಮಾರುವವರಿಗೆ, ಇನ್ನೊಂದು ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಹಾಗೆ ದಿನಗಟ್ಟಲೆ ಕಾಯುವುದಿಲ್ಲ, ಅದೇ ಕೂಟದಲ್ಲಿ ಹಕ್ಕುಪತ್ರ ನಿಮ್ಮ ಹೆಸರಿಗೆ ಬರುತ್ತದೆ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದು, ಪಾನ್‌ನಲ್ಲಿ ಇನಿಷಿಯಲ್ ಮಾತ್ರ ಇರುವುದು ನಮ್ಮಲ್ಲಿ ಬಹಳ. ಹಣ ಕಳಿಸಿದವರೂ ಕೊಂಡವರೂ ಒಬ್ಬರೇ ಎಂದು ತೋರಿಸಬೇಕಾಗುವುದರಿಂದ ಮೊದಲೇ ಸರಿಪಡಿಸಿಕೊಳ್ಳಿ.

ನೀವೇ ಹೋಗಲಾಗದಿದ್ದರೆ ಅಧಿಕಾರ ಪತ್ರ ಬೇಕು. ಇಲ್ಲಿ ನೋಟರಿ, ನಂತರ ರಾಜ್ಯ ಮತ್ತು ವಿದೇಶಾಂಗ ಸಚಿವಾಲಯದ ದೃಢೀಕರಣ, ಯುಎಇ ರಾಯಭಾರ ಕಚೇರಿಯ ಮೊಹರು, ಅಲ್ಲಿ ಹೋದ ಮೇಲೆ ಯುಎಇ ವಿದೇಶಾಂಗ ಸಚಿವಾಲಯದ ಮೊಹರು, ಅರಬಿ ಅನುವಾದ. ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ಅಧಿಕಾರವನ್ನು ಆ ಒಂದು ಫ್ಲ್ಯಾಟಿನ ಸಂಖ್ಯೆಗೆ ಸೀಮಿತ ಮಾಡಿ, ಮಾರುವ ಅಧಿಕಾರ ಬರೆಯಬೇಡಿ, ಏಜೆಂಟಿಗೇ ಅಧಿಕಾರ ಕೊಡಬೇಡಿ.

ಬಾಡಿಗೆ ಎಷ್ಟು ಉಳಿಯುತ್ತದೆ

ಮೇಲಿನ 10 ಲಕ್ಷದ ಫ್ಲ್ಯಾಟನ್ನೇ ತೆಗೆದುಕೊಳ್ಳೋಣ. ವರ್ಷದ ಬಾಡಿಗೆ 70,000 ದಿರ್ಹಮ್ ಎಂದುಕೊಳ್ಳಿ. ಏಜೆಂಟ್ ಇದನ್ನೇ ‘ಶೇ 7 ಲಾಭ’ ಎನ್ನುತ್ತಾನೆ. 750 ಚದರ ಅಡಿಗೆ, ಪ್ರತಿ ಅಡಿಗೆ 16 ದಿರ್ಹಮ್‌ನಂತೆ ನಿರ್ವಹಣಾ ಶುಲ್ಕ 12,000. ಮನೆ ನೋಡಿಕೊಳ್ಳುವ ಕಂಪನಿಗೆ ಶೇ 7ರಂತೆ 4,900. ಖಾಲಿ ಬಿದ್ದ ದಿನಗಳು, ಎಸಿ ರಿಪೇರಿ, ಬಣ್ಣ ಎಂದು 3,500. ಉಳಿಯುವುದು 49,600. ಒಟ್ಟು ಹೂಡಿದ 10,65,780ಕ್ಕೆ ಇದು ಶೇ 4.65.

ಇಲ್ಲಿಗೆ ಮುಗಿಯಲಿಲ್ಲ. ದುಬೈನಲ್ಲಿ ವ್ಯಕ್ತಿಯ ಬಾಡಿಗೆ ಆದಾಯಕ್ಕೆ ತೆರಿಗೆ ಇಲ್ಲದಿರಬಹುದು, ಆದರೆ ಭಾರತದ ನಿವಾಸಿಯ ಜಾಗತಿಕ ಆದಾಯಕ್ಕೆ ಇಲ್ಲಿ ತೆರಿಗೆ ಇದೆ. ಮನೆ ಬಾಡಿಗೆಯಲ್ಲಿ ಶೇ 30 ವಿನಾಯಿತಿ ಕಳೆದು 49,000ದ ಮೇಲೆ, ಶೇ 30ರ ಹಂತದವರಿಗೆ ಸೆಸ್ ಸೇರಿ ಶೇ 31.2ರಂತೆ 15,288 ಕಟ್ಟಬೇಕು. ನಿರ್ವಹಣಾ ಶುಲ್ಕವನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ, ಶೇ 30ರಲ್ಲೇ ಎಲ್ಲ ಮುಗಿಯಿತು. ಕೊನೆಗೆ ಕೈಗೆ 34,312 ದಿರ್ಹಮ್, ಶೇ 3.2. ಬೆಲೆ ಏರಿಕೆ, ಡಾಲರ್ ಏರಿಕೆ ಇದರ ಮೇಲೆ ಬಂದರೆ ಬಂತು. ‘ತೆರಿಗೆರಹಿತ ಶೇ 7’ ಎನ್ನುವ ಫಲಕ ಭಾರತದಲ್ಲಿ ವಾಸವಿರುವವರಿಗೆ ಅನ್ವಯವಾಗದು.

ಆದ್ದರಿಂದ ನಿರ್ವಹಣಾ ಶುಲ್ಕ ಕೇಳದೆ ಬೆಲೆ ಮಾತಾಡಬೇಡಿ. ಕಟ್ಟಡವಾರು ಅನುಮೋದಿತ ದರ ಲ್ಯಾಂಡ್ ಡಿಪಾರ್ಟ್‌ಮೆಂಟಿನ ಜಾಲತಾಣದಲ್ಲಿ ಸಿಗುತ್ತದೆ. ಈಜುಕೊಳ, ಜಿಮ್ ಹೆಚ್ಚಿದಷ್ಟೂ ಅದೂ ಹೆಚ್ಚು. ಕಟ್ಟಡಕ್ಕೆ ಕೇಂದ್ರೀಯ ತಂಪು ವ್ಯವಸ್ಥೆ ಇದ್ದರೆ ಬಳಕೆಯ ಬಿಲ್ಲಲ್ಲದೆ ಸ್ಥಿರ ಶುಲ್ಕವೂ ಇರುತ್ತದೆ. ಅದು ಬಾಡಿಗೆದಾರರ ಪಾಲೋ ಒಡೆಯರ ಪಾಲೋ ಕೇಳಿ. ಚದರ ಅಡಿಯ ಅಳತೆಯಲ್ಲಿ ಬಾಲ್ಕನಿ ಸೇರಿರುತ್ತದೆ, ನೂರು ಅಡಿಯ ಬಾಲ್ಕನಿಗೂ ನಿರ್ವಹಣಾ ಶುಲ್ಕ ಬೀಳುತ್ತದೆ.

ಒಳಗೆ ಬಾಡಿಗೆದಾರರು ಇದ್ದರೆ ಅವರ ಕರಾರು ‘ಇಜಾರಿ’ಯಲ್ಲಿ (ಬಾಡಿಗೆ ಕರಾರುಗಳ ಸರ್ಕಾರಿ ದಾಖಲೆ ವ್ಯವಸ್ಥೆ) ನೋಂದಣಿ ಆಗಿದೆಯೇ, ಎಷ್ಟಕ್ಕೆ, ಎಲ್ಲಿಯವರೆಗೆ ಎಂದು ನೋಡಿ. ಒಡೆಯರು ಬದಲಾದರೂ ಕರಾರು ಮುಂದುವರಿಯುತ್ತದೆ. ಮಾರಲು ಅಥವಾ ಸ್ವಂತ ವಾಸಕ್ಕೆ ಬಿಡಿಸಬೇಕಾದರೆ ನೋಟರಿ ಮೂಲಕ ಇಲ್ಲವೇ ನೋಂದಾಯಿತ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು, ವಾಟ್ಸ್‌ಆ್ಯಪ್ ಸಂದೇಶ ನಿಲ್ಲದು. ಬಾಡಿಗೆ ಏರಿಸುವುದೂ ನಿಮ್ಮಿಷ್ಟವಲ್ಲ. 2013ರ 43ನೇ ಆದೇಶದಂತೆ, ಈಗಿನ ಬಾಡಿಗೆ ಅಲ್ಲಿನ ಸರಾಸರಿಗಿಂತ ಶೇ 10ರವರೆಗೆ ಕಡಿಮೆಯಿದ್ದರೆ ಏರಿಕೆಯೇ ಇಲ್ಲ. 11ರಿಂದ 20 ಕಡಿಮೆಯಿದ್ದರೆ ಶೇ 5, 21ರಿಂದ 30ಕ್ಕೆ ಶೇ 10, 31ರಿಂದ 40ಕ್ಕೆ ಶೇ 15, ಅದಕ್ಕೂ ಕಡಿಮೆಯಿದ್ದರೆ ಶೇ 20. ಅದಕ್ಕೂ 90 ದಿನ ಮೊದಲೇ ತಿಳಿಸಿರಬೇಕು. ಅಗ್ಗದ ಬಾಡಿಗೆಯ ಹಳೆ ಬಾಡಿಗೆದಾರರಿರುವ ಮನೆ ಕೊಂಡು ‘ಆಮೇಲೆ ಏರಿಸೋಣ’ ಎಂದರೆ ವರ್ಷಗಳು ಹಿಡಿಯುತ್ತವೆ. ಬೆಲೆ ಇಳಿಸಲು ಇದನ್ನೇ ವಾದವಾಗಿ ಬಳಸಿ.

ಘೋಷಣೆ, ಉಯಿಲು, ವಾಪಸಾತಿ

ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಫ್ಲ್ಯಾಟನ್ನೂ ದುಬೈ ಬ್ಯಾಂಕ್ ಖಾತೆಯನ್ನೂ ಪ್ರತಿ ವರ್ಷ ತೋರಿಸಬೇಕು, ಬಾಡಿಗೆ ಬಾರದಿದ್ದರೂ. ಆ ಪಟ್ಟಿ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಲೆಕ್ಕ, ಮಾರ್ಚ್‌ನದಲ್ಲ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಕೊಟ್ಟ ರಿಯಾಯಿತಿ ಸ್ಥಿರಾಸ್ತಿಗೆ ಸಲ್ಲದು. ‘ಸಕ್ರಮ ಹಣವೇ ತಾನೆ’ ಎಂದು ಬಿಟ್ಟವರಿಗೂ ಈ ದಂಡ ತಪ್ಪುವುದಿಲ್ಲ.

ಯುಎಇಯಲ್ಲಿ ವಾಸವಿರುವ ಮುಸ್ಲಿಮೇತರರು ಉಯಿಲು ಮಾಡದೆ ತೀರಿಕೊಂಡರೆ, 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಕಾನೂನಿನಂತೆ ಅರ್ಧ ಸಂಗಾತಿಗೆ, ಅರ್ಧ ಮಕ್ಕಳಿಗೆ ಸಮಪಾಲು. ಬೇರೆ ಹಂಚಿಕೆ ಬೇಕಾದರೆ, ಅಥವಾ ವಾರಸುದಾರರು ನ್ಯಾಯಾಲಯಕ್ಕೆ ಅಲೆಯುವುದು ತಪ್ಪಬೇಕಾದರೆ, ದುಬೈ ನ್ಯಾಯಾಲಯದಲ್ಲಿ ಇಲ್ಲವೇ ಡಿಐಎಫ್‌ಸಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ಉಯಿಲು ಕೇಂದ್ರದಲ್ಲಿ ಉಯಿಲನ್ನು ನೋಂದಾಯಿಸಿ. ಊರಿನಲ್ಲಿ ಮಾಡಿದ ಉಯಿಲಿನಲ್ಲಿ ಒಂದು ಸಾಲು ಸೇರಿಸಿದರೆ ಅಲ್ಲಿ ಕೆಲಸ ಸಲೀಸಾಗದು.

ಮಾರುವಾಗ 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಭಾರತದಲ್ಲಿ ದೀರ್ಘಾವಧಿ ಲಾಭದ ಮೇಲೆ ಶೇ 12.5 ತೆರಿಗೆ, ಜೊತೆಗೆ ಸೆಸ್. ಲಾಭದ ಲೆಕ್ಕ ರೂಪಾಯಿಯಲ್ಲಿ ನಡೆಯುವುದರಿಂದ ದಿರ್ಹಮ್‌ನಲ್ಲಿ ಬೆಲೆ ಏರದಿದ್ದರೂ ರೂಪಾಯಿ ಇಳಿದಿದ್ದರೆ ತೆರಿಗೆ ಬೀಳುತ್ತದೆ. ಮಾರಿದ ಹಣವನ್ನು ಬೇರೆ ಕಡೆ ಹೂಡದಿದ್ದರೆ 180 ದಿನಗಳೊಳಗೆ ಇಲ್ಲಿಗೆ ತರಬೇಕು. ಆ ದಿನ ಬ್ಯಾಂಕೂ ತೆರಿಗೆ ಇಲಾಖೆಯೂ ಕೇಳುವುದು ಹಳೆಯ ಕಾಗದಗಳನ್ನು: ಪ್ರತಿ ರವಾನೆಯ ಎ2 ಫಾರ್ಮ್, ಸ್ವಿಫ್ಟ್ ಪ್ರತಿ (ಬ್ಯಾಂಕ್ ರವಾನೆಯ ದಾಖಲೆ), ಟಿಸಿಎಸ್ ಪ್ರಮಾಣಪತ್ರ, ಫಾರ್ಮ್ ಎಫ್, ಹಕ್ಕುಪತ್ರ, ಶೇ 4ರ ರಸೀದಿ. ಒಂದೇ ಕಡತದಲ್ಲಿ ಹಾಕಿ, ಅದರ ಪ್ರತಿ ಇರುವ ಜಾಗವನ್ನು ಹಕ್ಕುಪತ್ರದಲ್ಲಿ ಹೆಸರಿರುವ ಇನ್ನೊಬ್ಬರಿಗೂ ತಿಳಿಸಿಡಿ.